ಹಾನಿ ಸಾಬೀತಾಗಿಲ್ಲ

ಏಳನೇ ತೋಟದಲ್ಲಿ ಹುಳುವಿನ ಔಷಧಿ ಚುಚ್ಚುವ ಹನ್ನೆರಡು ಮಂದಿಯ ಗುಂಪಿಗೆ ಸೇರಿಕೊಂಡಾಗ ನೆರೇಯೊ ಚವರೀಯನಿಗೆ ಇಪ್ಪತ್ತೆರಡು ವರ್ಷ. ಬಾಳೆಗೊನೆ ಹೊರುವವರಿಗಿಂತ ಔಷಧಿಯವರಿಗೆ ಕೂಲಿ ಒಂದು ಕೈ ಮೇಲು. ಹೆಗಲು ಕಿತ್ತುಬರುವ ಕೆಲಸವೂ ಅಲ್ಲ. ತೊಟ್ಟಿ ಕಟ್ಟಿದ ಉದ್ದನೆಯ ಕಬ್ಬಿಣದ ಸೂಜಿಯನ್ನು ಬಾಳೆಯ ಬುಡದ ಸುತ್ತ ನಾಲ್ಕು ಕಡೆ ನೆಲಕ್ಕೆ ಊರಿ ಹಿಡಿಕೆ ಒತ್ತಿದರೆ ಆಯಿತು. ಬೇರು ತಿನ್ನುವ ಹುಳು ಸಾಯುತ್ತದೆ, ಗೊನೆ ತೂಕ ಬರುತ್ತದೆ. ಸೂಜಿ ಕಲ್ಲಿಗೆ ತಾಗಿದಾಗ ಮಾತ್ರ ಔಷಧಿ ಹಿಂದಕ್ಕೆ ಚಿಮ್ಮಿ ಮೊಣಕಾಲಿನಿಂದ ತೊಡೆಯ ಸಂದಿನವರೆಗೂ ತೋಯಿಸುತ್ತಿತ್ತು. ಆ ನೆಲದಲ್ಲಿ ಕಲ್ಲಿಗೇನೂ ಬರವಿರಲಿಲ್ಲ. ಕೈಗವಸು ಕೇಳಿದವರಿಗೆ ಮೇಸ್ತ್ರಿ, "ಯಾಕ್ರೋ, ದಿಬ್ಬಣಕ್ಕೆ ಹೊರಟಿದೀರಾ?" ಎನ್ನುತ್ತಿದ್ದ. ಅವರು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಮಧ್ಯಾಹ್ನ ಅದೇ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು, ಬಾಳೆಯೆಲೆಯಲ್ಲಿ ಕಟ್ಟಿ ತಂದ ಅನ್ನ, ಕರಿಹುರುಳಿ ಉಣ್ಣುತ್ತಿದ್ದರು.

ಎರಡನೇ ವರ್ಷ ನೆರೇಯೊ ಮದುವೆಯಾದ. ಹುಡುಗಿ ಸೆನೇಯ್ದಾ, ಮಾತೀನಾ ಹೊಳೆಯ ಆಚೆ ದಂಡೆಯವಳು. ಎತ್ತರದ ಹೆಣ್ಣು, ಮಾತು ಕಡಿಮೆ, ನಕ್ಕರೆ ಮಾತ್ರ ಇಡೀ ಸಾಲುಮನೆಗಳಿಗೆ ಕೇಳಿಸುವಂತೆ ನಗುವವಳು. ಗಂಡನ ಅಂಗಿ ಚಡ್ಡಿಗಳ ವಾಸನೆ ಎಷ್ಟು ಒಗೆದರೂ ಹೋಗದೆ, ಅವನ್ನು ಬೇರೆ ಬಟ್ಟೆಯ ಜೊತೆ ಕಲಸದೆ ಕಾಲುವೆಯ ಕೆಳಗಡೆ ಒಯ್ದು ಬೇರೆಯಾಗಿಯೇ ಒಗೆಯುತ್ತಿದ್ದಳು. ರೈಲುದಾರಿಯ ಪಕ್ಕ ಕಂಪನಿಯವರು ಕಟ್ಟಿದ ಮರದ ಮನೆಗಳಲ್ಲಿ ಒಂದು ಅವರದು. ಜೊತೆಗೆ ನೆರೇಯೊನ ತಾಯಿ ತಾರ್ಸಿಲಾ.

ನಾಲ್ಕು ವರ್ಷ ಚುಚ್ಚಿದ್ದಾಯಿತು. ಒಂದು ಸೋಮವಾರ ಕಂಪನಿಯ ಲಾರಿ ಬಂದು ಔಷಧಿಯ ಪೀಪಾಯಿಗಳನ್ನೆಲ್ಲ ತುಂಬಿಕೊಂಡು ಹೋಯಿತು. ಯಾಕೆಂದು ಯಾರೂ ಹೇಳಲಿಲ್ಲ. ಗುಸುಗುಸು ಮಾತ್ರ ಹಬ್ಬಿತು: ಆ ಔಷಧಿ ತಯಾರಾಗುವ ದೂರದ ಕಾರ್ಖಾನೆಯಲ್ಲಿ ಗಂಡಸರಿಗೆ ಮಕ್ಕಳಾಗುತ್ತಿಲ್ಲವಂತೆ. ಮರುವರ್ಷ ಫೆಬ್ರವರಿಯಲ್ಲಿ ತೋಟದ ದವಾಖಾನೆಗೆ ಒಬ್ಬ ಹೊಸ ಡಾಕ್ಟರು ಬಂದು, ಹನ್ನೆರಡು ಮಂದಿಗೂ ಒಂದೊಂದು ಗಾಜಿನ ಕುಪ್ಪಿ ಕೊಟ್ಟು, ಏನು ತುಂಬಿ ತರಬೇಕೆಂದು ಗಂಟಲು ಸರಿಮಾಡಿಕೊಳ್ಳುತ್ತ ಹೇಳಿದ. ಗುಂಪಿನಲ್ಲಿ ಬಾಯಿ ಜೋರಿದ್ದ ಅಬುಂದಿಯೊ, "ಡಾಕ್ಟ್ರೇ, ಈ ಕೆಲ್ಸಕ್ಕೂ ಕಂಪನಿ ಅರ್ಧ ದಿನದ ಕೂಲಿ ಕೊಡುತ್ತಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಹದಿನೈದು ದಿನದ ಮೇಲೆ ಒಬ್ಬೊಬ್ಬರನ್ನೇ ಒಳಕ್ಕೆ ಕರೆದರು. ಆಗ ಯಾರೂ ನಗಲಿಲ್ಲ.

"ಸೊನ್ನೆ," ಎಂದ ಡಾಕ್ಟರು, ನೆರೇಯೊನ ಮುಖ ನೋಡದೆ. "ಬೀಜ ಇಲ್ಲ. ಬೇರೆ ಯಾವುದಕ್ಕೂ ತೊಂದರೆ ಇಲ್ಲ, ಗಂಡಸ್ತನಕ್ಕೇನೂ ಆಗಿಲ್ಲ. ತಿಳಿಸಿದ್ದೀನಿ ಅನ್ನೋದಕ್ಕೆ ಇಲ್ಲಿ ಸಹಿ ಮಾಡು."

ನೆರೇಯೊ ಸಹಿ ಮಾಡಿದ. ಹೊರಗೆ ಬಂದಾಗ ಅಬುಂದಿಯೊ ಮೆಟ್ಟಿಲ ಮೇಲೆ ಕೂತು, "ನಂದು ಸೊನ್ನೆ ಕಣ್ರೋ! ಬೀಜ ಒಡೆದ ಎತ್ತು ಮಾಡ್ಬಿಟ್ರು ನನ್ನ!" ಎಂದು ಅಳುತ್ತಲೂ ನಗುತ್ತಲೂ ಕೂಗುತ್ತಿದ್ದ. "ನಿಂದು?" ಎಂದ.

"ಸರಿ ಇದೆಯಂತೆ," ಎಂದ ನೆರೇಯೊ.

ಆ ಮಾತು ಯೋಚಿಸಿ ಹೊರಟದ್ದಲ್ಲ. ಆದರೆ ಬಾಯಿಂದ ಜಾರಿದ ಮಾತಿನ ಹಿಂದೆಯೇ ಕಾಲು ಮನೆಗೆ ಬಂತು. ಬಾಗಿಲಲ್ಲಿ ನಿಂತಿದ್ದ ಸೆನೇಯ್ದಾಳಿಗೂ ಅದನ್ನೇ ಹೇಳಿದ. "ಎಲ್ಲ ಸರಿ ಇದೆಯಂತೆ." ಅವಳು ಸುಮ್ಮನೆ ತಲೆಯಾಡಿಸಿ ಒಳಗೆ ಹೋದಳು. ಅವಳ ಹಿಂದೆಯೇ ತಾಯಿ ತಾರ್ಸಿಲಾಳ ದನಿ ಬಂತು: "ನನ್ನ ಮಗನದು ಸರಿ ಇದ್ರೆ ಸರಿಯಿಲ್ದಿರೋದು ಯಾರ್ದು ಅಂತ ಡಾಕ್ಟ್ರನ್ನ ಕೇಳೋದೇನಿದೆ!"

ಅಲ್ಲಿಂದ ಆ ಮನೆಯಲ್ಲಿ ಸೆನೇಯ್ದಾ ಗೊಡ್ಡಾದಳು. ತಾರ್ಸಿಲಾ ಕೆಟ್ಟ ಹೆಂಗಸೇನಲ್ಲ. ಒಂಬತ್ತು ಹೆತ್ತು ಐದನ್ನು ಮಣ್ಣಿಗೆ ಕೊಟ್ಟವಳು, ಮೊಮ್ಮಗುವಿನ ಮುಖ ನೋಡಿ ಕಣ್ಣು ಮುಚ್ಚಬೇಕೆಂಬ ಹಂಬಲ ಅವಳದು. ಆದರೆ ಅವಳ ನಾಲಿಗೆಗೆ ಎಲುಬಿರಲಿಲ್ಲ. ಊಟಕ್ಕೆ ಬಡಿಸುವಾಗ, "ಗೊಡ್ಡು ಹಸುಗೆ ಎಷ್ಟು ಹುಲ್ಲು ಹಾಕಿದ್ರೂ ಸಗಣಿ ಹಾಕೋದೊಂದೇ," ಎನ್ನುವಳು. ನಾಗದಾಳಿ ಸೊಪ್ಪಿನ ಕಷಾಯ, ಸುಟ್ಟ ಬೆಲ್ಲದ ನೀರಿಗೆ ಯಾವುದೋ ಬೇರಿನ ಪುಡಿ, ಹೊಟ್ಟೆಗೆ ಬಿಸಿ ಎಲೆಯ ಪಟ್ಟು, ಒಂದನ್ನೂ ಬಿಡಲಿಲ್ಲ. ಸೆನೇಯ್ದಾ ಮೂಗು ಹಿಡಿದು ಎಲ್ಲವನ್ನೂ ಕುಡಿದಳು. ನೆರೇಯೊ ತಟ್ಟೆಯ ಮೇಲಿನ ಕಣ್ಣು ಎತ್ತುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುವನು. ಸುಳ್ಳು ಹಳೆಯದಾದಷ್ಟೂ ಅದನ್ನು ಕೀಳುವುದು ಕಷ್ಟ. ಬೇರು ಎಲ್ಲೆಲ್ಲಿಗೋ ಹೋಗಿರುತ್ತದೆ.

ಸಾವಿರದ ಒಂಬೈನೂರ ಎಂಬತ್ತರ ಆಗಸ್ಟಿನಲ್ಲಿ ಸೆನೇಯ್ದಾ ಕಾರ್ತಾಗೊ ಊರಿನ ಇಗರ್ಜಿಯ ಕಪ್ಪು ಕನ್ಯಾಮಾತೆಗೆ ಹರಕೆ ಹೊತ್ತಳು. ಇಬ್ಬರೂ ಮೂರು ಹಗಲು ನಡೆದರು. ಗುಡಿಯ ಬಾಗಿಲಲ್ಲಿ ಅವಳು ಚಪ್ಪಲಿ ಬಿಚ್ಚಿ ಅವನ ಕೈಗೆ ಕೊಟ್ಟು, ಅಲ್ಲಿಂದ ಪೀಠದವರೆಗೆ ಕಲ್ಲುನೆಲದ ಮೇಲೆ ಮಂಡಿಯೂರಿ ಹೋದಳು. ನೆರೇಯೊ ಪಕ್ಕದಲ್ಲೇ ನಿಧಾನವಾಗಿ ನಡೆದ. ಅವಳ ತುಟಿ ಆಡುತ್ತಿತ್ತು. ಅವಳ ಬೇಡಿಕೆ ಏನೆಂದು ಅವನಿಗೆ ಗೊತ್ತು, ಅದು ಯಾಕೆ ಈಡೇರುವುದಿಲ್ಲ ಎಂಬುದೂ ಗೊತ್ತು. ಚಪ್ಪಲಿಯ ಬಾರು ಬೆರಳಿಗೆ ಕಚ್ಚುತ್ತಿತ್ತು. ಹಿಂತಿರುಗುವ ದಾರಿಯಲ್ಲಿ ಅವಳು, "ನನ್ನಲ್ಲೇನಾದ್ರೂ ಪಾಪ ಇದ್ರೆ ಮಾತೆ ತೊಳೀಲಿ ಅಂತ ಕೇಳ್ಕೊಂಡೆ," ಎಂದಳು. ಆಗ ಹೇಳಬಹುದಿತ್ತು. ಅವನು, "ಕಾಲು ನೋಯ್ತಿದ್ಯಾ?" ಎಂದು ಕೇಳಿದ.

ಆ ವರ್ಷದ ಕೊನೆಗೆ ಹೊಳೆ ಉಕ್ಕಿ ರೈಲುಸೇತುವೆ ಕೊಚ್ಚಿಕೊಂಡು ಹೋಯಿತು. ಸೇತುವೆ ಕಟ್ಟುವವರ ಗುಂಪೊಂದು ಬಂದು ನಾಲ್ಕು ತಿಂಗಳು ಡೇರೆ ಹಾಕಿತು. ಸಾಲುಮನೆಯ ಹೆಂಗಸರು ಅವರಿಗೆ ಊಟ ಮಾರಿ ನಾಲ್ಕು ಕಾಸು ನೋಡಿದರು. ಸೆನೇಯ್ದಾಳೂ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಡೇರೆಗಳು ಎದ್ದುಹೋದ ಎರಡು ವಾರಕ್ಕೆ, ಒಂದು ಸಂಜೆ, ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು: "ನಾನು ಬಸುರಿ."

ತಾರ್ಸಿಲಾ ನೆಲಕ್ಕೆ ಕುಸಿದು ಮಾತೆಗೆ ಕೈಮುಗಿದಳು. ನೆರೇಯೊ ಮೂರು ದಿನ ತಾನೂ ಪವಾಡ ನಂಬಿದ. ಡಾಕ್ಟರು ಕುಪ್ಪಿ ಅದಲುಬದಲು ಮಾಡಿರಬಾರದೇಕೆ? ನಾಲ್ಕನೆಯ ದಿನ ಕೆಲಸ ಬಿಟ್ಟು ರೈಲುಹಳಿ ಹಿಡಿದು ಸೇತುವೆಯವರೆಗೆ ನಡೆದ. ಹೊಸ ತೊಲೆಗಳಿಗೆ ಬಳಿದ ಡಾಂಬರು ಬಿಸಿಲಿಗೆ ಕರಗುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ತೊಲೆಯ ಮೇಲೆ ಕೂತ. ಕೂತಲ್ಲಿ ಅವನಿಗೆ ಹೊಳೆದದ್ದು ಒಂದೇ: ಅವಳ ತಪ್ಪನ್ನು ಎತ್ತಿ ತೋರಿಸಬೇಕಾದರೆ ತನ್ನ ಸುಳ್ಳಿನ ಮೇಲೆ ಕಾಲಿಟ್ಟೇ ಹೋಗಬೇಕು. ಎದ್ದು ಮನೆಗೆ ಬಂದ. ಆಮೇಲೆ ಆ ವಿಷಯಕ್ಕೆ ಅವನ ಬಾಯಿಗೆ ಬೀಗ.

ಹೆಣ್ಣುಮಗು ಹುಟ್ಟಿತು. ಯೋರ್ಲೆನಿ ಎಂದು ಹೆಸರಿಟ್ಟರು. ಎರಡೂ ಮನೆತನದಲ್ಲಿ ಯಾರಿಗೂ ಇಲ್ಲದ ಜೇನುಬಣ್ಣದ ಕಣ್ಣು. ಮೊದಲ ತಿಂಗಳು ನೆರೇಯೊ ಅದನ್ನು ಎತ್ತಿಕೊಳ್ಳುವಾಗ ಪಕ್ಕದ ಮನೆಯ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಿದ್ದ. ಎಂಟನೇ ತಿಂಗಳಲ್ಲಿ ಮಗುವಿಗೆ ಜ್ವರ ಏರಿ ಕಣ್ಣು ಮೇಲಾಯಿತು. ಆ ದಿನ ರೈಲಿರಲಿಲ್ಲ. ಹಳಿ ರಿಪೇರಿಯವರ ತಳ್ಳುಗಾಡಿಯ ಮೇಲೆ ಮಗುವನ್ನು ಎದೆಗವಚಿಕೊಂಡು ಕೂತು, ಸಿಕಿರ್ರೆಸ್ ಪಟ್ಟಣದ ಆಸ್ಪತ್ರೆ ಮುಟ್ಟುವವರೆಗೆ ಅದರ ಕಿವಿಯಲ್ಲಿ, "ಇರೇ, ಇರೇ ನನ್ನವ್ವಾ," ಎನ್ನುತ್ತಲೇ ಇದ್ದ. ಜ್ವರ ಇಳಿದು ಮನೆಗೆ ಬರುವಾಗ ಅದು ಅವನ ಮಗಳಾಗಿತ್ತು. ಇದರಲ್ಲಿ ಹೇಳುವಂಥದ್ದು ಮತ್ತೇನೂ ಇಲ್ಲ.

ಹನ್ನೆರಡು ಮಂದಿಯಲ್ಲಿ ಆಮೇಲೆ ಮಗುವಾದದ್ದು ನೆರೇಯೊ ಒಬ್ಬನಿಗೇ. ಅಬುಂದಿಯೊನ ಹೆಂಡತಿ ಅವನನ್ನು ಬಿಟ್ಟು ಲಿಮೋನ್ ಬಂದರಿಗೆ ಹೋದಳು. ಒಬ್ಬ ಕುಡಿದು ಕಾಲುವೆಗೆ ಬಿದ್ದ. ಇನ್ನಿಬ್ಬರು ಊರೇ ಬಿಟ್ಟರು. ಹೆಂಡದಂಗಡಿಯಲ್ಲಿ ಉಳಿದವರನ್ನು 'ಎತ್ತುಗಳು' ಎಂದೂ ನೆರೇಯೊನನ್ನು 'ಹೋರಿ' ಎಂದೂ ಕರೆಯುವುದು ರೂಢಿಯಾಯಿತು. ಒಂದು ಸಲ ಕುಡಿದವನೊಬ್ಬ, "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ!" ಎಂದು ಕುಲುಕುಲು ನಕ್ಕ. ಅಬುಂದಿಯೊ ಎದ್ದುಹೋಗಿ ಆ ಕುಡುಕನ ಹಲ್ಲೊಂದನ್ನು ಉದುರಿಸಿ ಬಂದು ಕೂತು, "ಅವಂದು ಹಾಗೇನೇ, ಬಾಯಿಗೆ ಬಂದದ್ದು," ಎಂದ. ಅಬುಂದಿಯೊಗೆ ಎಷ್ಟು ಗೊತ್ತಿತ್ತೋ, ನೆರೇಯೊನನ್ನು ಯಾವತ್ತೂ ಕೇಳಲಿಲ್ಲ.

ಹೀಗೆ ಇಪ್ಪತ್ತು ವರ್ಷ ಹೋಯಿತು. ತಾರ್ಸಿಲಾ ಮೊಮ್ಮಗಳ ಜಡೆ ಹೆಣೆಯುತ್ತಲೇ ಮುದಿಯಾಗಿ ಸತ್ತಳು. ಯೋರ್ಲೆನಿ ಶಾಲೆ ಮುಗಿಸಿ ಬಾಳೆಕಾಯಿ ತೊಳೆದು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತಳು. ದಾದಿಯ ಕೆಲಸ ಕಲಿಯಲು ಲಿಮೋನಿಗೆ ಹೋಗಬೇಕೆಂದು ಅವಳಿಗೆ ಆಸೆ. ಅಷ್ಟರಲ್ಲಿ ನೆರೇಯೊನ ಕಾಲು ಊದತೊಡಗಿತು. ಮೂತ್ರಪಿಂಡ ಎರಡೂ ಸೋಲುತ್ತಿವೆ ಎಂದರು ಆಸ್ಪತ್ರೆಯಲ್ಲಿ. ಆ ಔಷಧಿಯಿಂದಲೋ ಬೇರೆಯದರಿಂದಲೋ ಹೇಳಲಾಗುವುದಿಲ್ಲ ಎಂದರು. ಗೊನೆ ಕಡಿಯುವ ಕತ್ತಿ ಹಿಡಿಯಲೂ ಶಕ್ತಿ ಹೋಯಿತು. ಮಗಳ ಕೂಲಿಯಲ್ಲಿ ಮೂವರ ಊಟ ನಡೆಯಬೇಕಾಯಿತು.

ಹುಳುವಿನ ಔಷಧಿ ಚುಚ್ಚಿದವರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು ಆಗ. ಕೂಲಿಗಾರರ ಸಂಘದ ಕೆಲಸಕ್ಕೆ ಬಿದ್ದಿದ್ದ ಅಬುಂದಿಯೊ ಅರ್ಜಿಗಳ ಕಟ್ಟು ಹಿಡಿದು ಮನೆಮನೆಗೆ ಬಂದ. ಆ ವರ್ಷಗಳಲ್ಲಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ, ಈಗಿನ ಪರೀಕ್ಷೆಯ ಚೀಟಿ, ಮಕ್ಕಳ ವಿವರ, ಇಷ್ಟನ್ನು ಸಿಕಿರ್ರೆಸ್‌ನ ವಿಮಾ ಕಚೇರಿಗೆ ಕೊಟ್ಟರೆ ಸಾಕು.

"ನನಗೆ ಬೇಡ," ಎಂದ ನೆರೇಯೊ.

"ಯಾಕಪ್ಪಾ ಬೇಡ?" ಯೋರ್ಲೆನಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಿನ್ನ ಕಾಲು ನೋಡ್ಕೋ, ಗೂಟದ ಹಾಗಾಗಿದೆ. ಅವರಪ್ಪನ ಮನೆ ಗಂಟೇನಾದ್ರೂ ಕೇಳ್ತಿದೀವಾ?"

"ಅದು ಮಕ್ಕಳಾಗದವರಿಗೆ. ನನಗೆ ನೀನಿದೀಯಲ್ಲ."

"ನಾನೊಬ್ಬಳೇ ಇದೀನಿ. ನನ್ನ ಹಿಂದೆ ಇನ್ನು ನಾಲ್ಕು ಆಗ್ಬೇಕಿತ್ತೋ ಏನೋ, ಯಾರು ಕಂಡೋರು? ಅಬುಂದಿಯೊ ಮಾಮ, ಹೇಳು ಇವ್ನಿಗೆ!"

ಅಬುಂದಿಯೊ ಟೋಪಿ ತಿರುಗಿಸುತ್ತ, "ಅವನಿಷ್ಟ ಕಣಮ್ಮ," ಎಂದ. ಒಲೆಯ ಮುಂದಿದ್ದ ಸೆನೇಯ್ದಾ ತಿರುಗಿ ನೋಡಲಿಲ್ಲ.

ಮಗಳು ಬಿಡಲಿಲ್ಲ. ಅರ್ಜಿ ಅವಳೇ ತುಂಬಿದಳು. ಒಂದು ದಿನದ ಕೂಲಿ ಕಳೆದುಕೊಂಡು ಅಪ್ಪನನ್ನು ಬಸ್ಸು ಹತ್ತಿಸಿ ಪರೀಕ್ಷೆಗೆ ಕರೆದೊಯ್ದಳು. ಐವತ್ತು ದಾಟಿದ ನೆರೇಯೊ ಗಾಜಿನ ಕುಪ್ಪಿ ಹಿಡಿದು ಮತ್ತೆ ಬಾಗಿಲು ಹಾಕಿಕೊಂಡ. ಮಗಳು ಹೊರಗೆ ಬೆಂಚಿನ ಮೇಲೆ ಅವನ ಟೋಪಿ ಹಿಡಿದು ಕೂತಿದ್ದಳು. ಅಂಥ ನಾಚಿಕೆ ಅವನು ಜೀವಮಾನದಲ್ಲಿ ಪಟ್ಟಿರಲಿಲ್ಲ. ಚೀಟಿ ಬಂತು. ಒಳಗಿದ್ದದ್ದು ಅದೇ: ಸೊನ್ನೆ. ಯೋರ್ಲೆನಿ ಅದನ್ನು ಮುಚ್ಚಿದ ಲಕೋಟೆಯಲ್ಲೇ ಅರ್ಜಿಗೆ ಲಗತ್ತಿಸಿದಳು.

ನಾಲ್ಕು ತಿಂಗಳಾದ ಮೇಲೆ ಕಚೇರಿಯ ಕಾಗದ ಬಂದದ್ದು ಒಂದು ಶನಿವಾರ. ಮೂವರೂ ಮನೆಯಲ್ಲಿದ್ದರು. ಯೋರ್ಲೆನಿ ನಿಂತೇ ಗಟ್ಟಿಯಾಗಿ ಓದಿದಳು. "ಅರ್ಜಿದಾರರಲ್ಲಿ ಸದ್ಯ ವೀರ್ಯಾಣುಗಳಿಲ್ಲ ಎಂಬುದು ಪರೀಕ್ಷೆಯಿಂದ ತಿಳಿದಿದೆ. ಆದರೆ ಔಷಧಿಯ ಕೆಲಸ ನಿಂತ ಮೂರು ವರ್ಷಗಳ ನಂತರ, ಎಂಬತ್ತೊಂದರಲ್ಲಿ, ಅರ್ಜಿದಾರರು ಒಂದು ಹೆಣ್ಣುಮಗುವಿಗೆ ತಂದೆಯಾಗಿರುವ ಕಾರಣ, ಈ ಸ್ಥಿತಿ ಕೆಲಸದಿಂದಲೇ ಬಂದದ್ದು ಎನ್ನಲಾಗದು. ಹಾನಿ ಸಾಬೀತಾಗಿಲ್ಲ."

ಅವಳು ಇನ್ನೊಂದು ಸಲ ಓದಿಕೊಂಡಳು, ತುಟಿಯಲ್ಲೇ. ಆಮೇಲೆ ಕಾಗದ ಕೆಳಗಿಟ್ಟಳು.

"ಅಂದ್ರೆ ನಾನು ಹುಟ್ಟಿದ್ದೇ ತಪ್ಪಾ? ನಾನು ಹುಟ್ಟಿಲ್ದಿದ್ರೆ ನಿನಗೆ ಸಿಗ್ತಿತ್ತು, ಹುಟ್ಟಿದ್ದಕ್ಕೆ ಇಲ್ಲ. ಇದೆಂಥಾ ನ್ಯಾಯ?"

"ಹೋಗ್ಲಿ ಬಿಡೇ," ಎಂದ ನೆರೇಯೊ.

"ಬಿಡಲ್ಲ! ಮೇಲ್ಮನವಿ ಹಾಕೋಕೆ ಎರಡು ತಿಂಗಳಿದೆ. ನನ್ನ ರಕ್ತ ಬೇಕಾದ್ರೂ ತಗೊಳ್ಲಿ, ಪರೀಕ್ಷೆ ಮಾಡ್ಲಿ. ನಾನೇ ಹೋಗಿ ಕೊಡ್ತೀನಿ."

ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆಯಿತು. ಸೆನೇಯ್ದಾ ಚೂರುಗಳನ್ನು ಬರಿಗೈಯಲ್ಲಿ ಆರಿಸುತ್ತಿದ್ದಳು. "ನಿನ್ನ ರಕ್ತದ ಮಾತು ಎತ್ತಬೇಡ," ಎಂದಳು, ತಲೆಯೆತ್ತದೆ. ಅವಳ ದನಿ ಕೇಳಿ ಮಗಳು ಕಾಗದ ಮಡಿಸಿ ಒಳಗಿಟ್ಟಳು.

ಆ ಮಂಗಳವಾರ ಸೆನೇಯ್ದಾ ಗಂಡನಿಗೂ ಮಗಳಿಗೂ ಹೇಳದೆ, ಮಾತೀನಾದಲ್ಲಿ ಅಕ್ಕನನ್ನು ನೋಡಿಬರುತ್ತೇನೆಂದು ನೆರೆಯವಳಿಗೆ ಹೇಳಿ, ಸಿಕಿರ್ರೆಸ್‌ನ ಬಸ್ಸು ಹತ್ತಿದಳು. ಅಲ್ಲಿ ಏನಾಯಿತೆಂದು ನೆರೇಯೊಗೆ ತಿಳಿದದ್ದು ಕಚೇರಿಯಲ್ಲೇ. ಮೂರು ವಾರದ ಮೇಲೆ ಇಬ್ಬರನ್ನೂ ಕರೆದು ಕಾಗದ ಬಂತು. "ನೀನು ಯಾಕೆ?" ಎಂದು ಅವನು ಕೇಳಿದ. "ಹೋದ ಮೇಲೆ ಗೊತ್ತಾಗುತ್ತೆ," ಎಂದಳು. ಮಗಳು ಶೆಡ್ಡಿಗೆ ಹೋಗಿದ್ದ ದಿನ ನೋಡಿ ಹೊರಟರು.

ಕಡತ ನೋಡುತ್ತಿದ್ದವಳು ಮಾರ್ಯೆಲೋಸ್ ಎಂಬ ನಡುವಯಸ್ಸಿನ ಅಧಿಕಾರಿ. ಕಣ್ಣಲ್ಲಿ ಕರುಣೆಯಿದ್ದ ಹೆಂಗಸು. ಬಾಗಿಲು ಮುಚ್ಚಿ, ಇಬ್ಬರಿಗೂ ನೀರು ಕೊಟ್ಟು, ಆಮೇಲೆ ಮಾತಿಗೆ ಕೂತಳು.

"ದೋನ್ ನೆರೇಯೊ, ನಿಮ್ಮ ಹೆಂಡತಿ ಇಲ್ಲಿ ಬಂದು ಒಂದು ಹೇಳಿಕೆ ಕೊಟ್ಟಿದಾರೆ. ಎಂಬತ್ತೊಂದರಲ್ಲಿ ಹುಟ್ಟಿದ ಮಗು ನಿಮ್ಮದಲ್ಲ ಅಂತ."

ಸೆನೇಯ್ದಾ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಪರರ ಮುಂದೆ ತೆಗೆದಿಟ್ಟಿದ್ದಳು, ಅವನ ಕಾಲ ಬಾವು ನೋಡಲಾರದೆ. ಈಗ ಗಂಡ ಕೂಗಾಡುತ್ತಾನೆ, ಹೊಡೆಯುತ್ತಾನೆ ಎಂದೇ ಕಾಯುತ್ತಿದ್ದಳು. ನೆರೇಯೊ ನೀರಿನ ಲೋಟ ಎತ್ತಿ ಕುಡಿದು ಕೆಳಗಿಟ್ಟ.

"ಇದು ನಿಜ ಅಂತ ನೀವು ಸಹಿ ಮಾಡಿದ್ರೆ ಮೂರು ತಿಂಗಳಲ್ಲಿ ಪರಿಹಾರ ಕೈಗೆ ಬರುತ್ತೆ," ಎಂದಳು ಮಾರ್ಯೆಲೋಸ್.

"ಮಗಳಿಗೆ ಗೊತ್ತಾಗುತ್ತಾ?"

"ಜನನ ದಾಖಲೆ ತಿದ್ದಬೇಕು. ಅವಳಿಗೆ ನೋಟಿಸು ಹೋಗುತ್ತೆ. ಹೆಸರಿನ ಜೊತೆಗಿರೋ ಚವರೀಯ ತೆಗೀಬೇಕಾಗುತ್ತೆ." ಅವಳು ದನಿ ತಗ್ಗಿಸಿದಳು. "ಬೇರೆ ದಾರಿ ಇದೆಯಾ ಅಂತ ನಾನೂ ನೋಡಿದೆ. ಇಲ್ಲ."

"ಹಾಗಾದ್ರೆ ಬರ್ಕೊಳ್ಳಿ," ಎಂದ ನೆರೇಯೊ. "ನನ್ನ ಹೆಂಡತಿ ಸುಳ್ಳು ಹೇಳಿದಾಳೆ. ದುಡ್ಡಿನ ಆಸೆಗೆ ಹೇಳಿದಾಳೆ. ಈಚೆಗೆ ಅವಳ ತಲೆ ನೆಟ್ಟಗಿಲ್ಲ. ಹುಡುಗಿ ನನ್ನ ಮಗಳು."

ಮಾರ್ಯೆಲೋಸ್ ಕಡತದಿಂದ ಹಳದಿಗಟ್ಟಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಒಳ್ಳೆಯದನ್ನೇ ಮಾಡಲು ಹೋದಳು, ಪಾಪ. "ಇದು ಹಳೇ ತೋಟದ ದವಾಖಾನೆ ಪಟ್ಟಿ, ಇವರು ಬಂದುಹೋದ ಮೇಲೆ ಹುಡುಕಿಸಿದೆ. ಎಪ್ಪತ್ತೊಂಬತ್ತು, ಫೆಬ್ರವರಿ. ನಿಮ್ಮ ಹೆಸರಿನ ಮುಂದೆ ಸೊನ್ನೆ ಇದೆ. ನಿಮಗೆ ತಿಳಿಸಿದ್ದಕ್ಕೆ ನಿಮ್ಮದೇ ಸಹಿ ಇದೆ. ನಿಮ್ಮ ಹೆಂಡತಿ ಹೇಳಿದ್ದು ಇದಕ್ಕೆ ಸರಿಹೋಗುತ್ತೆ, ನೀವು ಹೇಳೋದು ಹೋಗಲ್ಲ."

ಸೆನೇಯ್ದಾ ಕಿಟಕಿಯಿಂದ ಕಣ್ಣು ತೆಗೆದು ಆ ಹಾಳೆಯನ್ನು ನೋಡಿದಳು. ಆಮೇಲೆ ಗಂಡನನ್ನು.

"ಆ ಡಾಕ್ಟ್ರು ತಪ್ಪು ಬರೆದಿದ್ರು," ಎಂದ ನೆರೇಯೊ. "ಎಲ್ಲಿ ಸಹಿ ಮಾಡ್ಬೇಕು?"

ಬಸ್ಸು ಬರುವುದು ಒಂದು ಗಂಟೆ ತಡವಿತ್ತು. ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂತರು. ಹಣ್ಣು ಮಾರುವವರು, ಲಾಟರಿ ಚೀಟಿಯವರು ಕೂಗುತ್ತಿದ್ದರು. ಸೆನೇಯ್ದಾ ಶಾಲೆಯ ಮಾಸ್ತರು ಲೆಕ್ಕ ಕೇಳುವ ಹಾಗೆ ಕೇಳಿದಳು.

"ನಾವು ಕಾರ್ತಾಗೊಗೆ ನಡೆದದ್ದು ಯಾವಾಗ?"

"ಎಂಬತ್ತರಲ್ಲಿ."

"ನಾನು ಮಂಡಿ ಮೇಲೆ ಹೋದಾಗ ನನ್ನ ಚಪ್ಪಲಿ ಯಾರ ಕೈಲಿತ್ತು?"

"ನನ್ನ ಕೈಲಿ."

"ನಿಮ್ಮಮ್ಮ ನನ್ನ ಗೊಡ್ಡು ಅಂದಾಗ ನೀನೆಲ್ಲಿದ್ದೆ?"

"ಅಲ್ಲೇ."

"ಏನು ಮಾಡ್ತಿದ್ದೆ?"

"ಊಟ," ಎಂದ ನೆರೇಯೊ.

ಅವಳು ತಲೆಯಾಡಿಸಿದಳು. "ನಾನು ಗೊಡ್ಡು ಅಂತ ನಾನೇ ನಂಬಿದ್ದೆ. ಅಲ್ಲ ಅಂತ ನನಗೇ ತೋರಿಸ್ಕೋಬೇಕಾಗಿತ್ತು. ಅಷ್ಟೇ ನಡೆದದ್ದು. ಪ್ರೀತಿ ಗೀತಿ ಏನಿರ್ಲಿಲ್ಲ. ಅವನ ಹೆಸರು..."

"ನಾನು ಕೇಳ್ಲಿಲ್ಲ."

"ನೀನು ಕೇಳಲ್ಲ. ಹೇಳೋದೂ ಇಲ್ಲ. ಅದೇ ನಿನ್ನ ರೋಗ. ಇಪ್ಪತ್ತೆರಡು ವರ್ಷ ನಾನು ಕಳ್ಳಿ ಹಾಗೆ ನಿನ್ನ ಮುಖ ನೋಡ್ತಿದ್ದೆ. ಇವನಿಗೆ ಗೊತ್ತಾದ್ರೆ ಗತಿಯೇನು ಅಂತ ಹೆದರಿ ಹೆದರಿ ಸತ್ತೆ. ಕಳ್ಳ ಪಕ್ಕದಲ್ಲೇ ಮಲಗಿದ್ದ." ಅವಳ ದನಿ ಒಮ್ಮೆಯೂ ಏರಲಿಲ್ಲ. "ಇವತ್ತು ಹುಚ್ಚಿ ಅಂತ ಬರೆಸಿದೆ. ಸರ್ಕಾರದ ಕಾಗದದ ಮೇಲೆ."

"ಬೇರೆ ಏನು ಬರೆಸ್ಬೇಕಿತ್ತು?"

ಬಸ್ಸು ಬಂದಾಗ ಅವನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಅವಳು ಕಂಕುಳಿಗೆ ಕೈಕೊಟ್ಟು ಎತ್ತಿ ಹತ್ತಿಸಿ, ತಾನು ಹೋಗಿ ಬೇರೆ ಸೀಟಿನಲ್ಲಿ ಕೂತಳು.

ಮನೆಯಲ್ಲಿ ಅವನು ಮಗಳಿಗೆ ಹೇಳಿದ್ದಿಷ್ಟೇ: "ಕಚೇರಿಗೆ ಹೋಗಿದ್ದೆ. ಕೇಸು ಮುಗೀತು, ಸಹಿ ಹಾಕಿ ಬಂದೆ."

"ಏನಂತ ಸಹಿ ಹಾಕ್ದೆ?"

"ನನಗೆ ಏನೂ ಆಗಿಲ್ಲ ಅಂತ."

ಯೋರ್ಲೆನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವಳು ಅತ್ತ ಅಳು, ಬೈದ ಬೈಗುಳ ಸಾಲುಮನೆಗಳಿಗೆಲ್ಲ ಕೇಳಿಸಿತು. "ಹೇಡಿ! ಅಧಿಕಾರಿ ಎದುರು ಬಾಯಿ ಬರ್ಲಿಲ್ವಾ? ಕಂಪನಿ ಎದುರು ಬಗ್ಗಿ ಬಗ್ಗಿ ನಿನ್ನ ಬೆನ್ನು ಬಗ್ಗೇ ಹೋಗಿದೆ! ನನ್ನ ಓದು ಹೋಯ್ತು, ನಿನ್ನ ಜೀವ ಹೋಗುತ್ತೆ, ಒಂದು ಮನವಿ ಬರೆಯೋಕಾಗ್ಲಿಲ್ಲ ನಿನಗೆ!" ನೆರೇಯೊ ಮಂಚದ ಅಂಚಿನಲ್ಲಿ ಕೂತು ಕೇಳಿಸಿಕೊಂಡ. ಸೆನೇಯ್ದಾ ಒಲೆಗೆ ಸೌದೆ ತುರುಕುತ್ತ ಕೇಳಿಸಿಕೊಂಡಳು.

ಯೋರ್ಲೆನಿ ಲಿಮೋನಿಗೆ ಹೋಗಲಿಲ್ಲ. ಶೆಡ್ಡಿನಲ್ಲಿ ಎರಡು ಪಾಳಿ ಹಿಡಿದಳು. ಬಾಳೆಕಾಯಿ ತೊಳೆಯುವ ನೀರಿಗೆ ಹಾಕುವ ಮದ್ದಿಗೆ ಅವಳ ಬೆರಳ ಸಂದುಗಳು ಬಿರಿದವು, ಉಗುರು ಕಪ್ಪಾಯಿತು. ನೆರೇಯೊ ಆ ಬೆರಳುಗಳನ್ನು ನೋಡುತ್ತಿದ್ದ. ತನ್ನ ಒಂದು ಸಹಿ ಅವಳನ್ನು ಆ ತೊಟ್ಟಿಯ ಮುಂದೆ ನಿಲ್ಲಿಸಿದೆ ಎಂಬುದು ಅವನಿಗೆ ಗೊತ್ತಿತ್ತು. ಎಷ್ಟೋ ಮಧ್ಯಾಹ್ನ ಹಾಗೆ ಕೂತು, ತಾನು ಉಳಿಸಿಕೊಂಡದ್ದು ಅವಳಿಗಾಗಿಯೋ ತನಗಾಗಿಯೋ ಎಂದು ಯೋಚಿಸುತ್ತಿದ್ದ. ಬಗೆಹರಿಯಲಿಲ್ಲ. ಒಂದು ದಿನ, "ಕೈಗವಸು ಕೊಡಲ್ವೇನೇ?" ಎಂದು ಕೇಳಿದ. "ನೀನು ಕೇಳಿದ್ಯಾ ನಿನ್ನ ಕಾಲದಲ್ಲಿ?" ಎಂದಳು ಅವಳು. ಕೇಳಿದ್ದರು ಎಂದು ಹೇಳಲು ಹೋಗಿ ಬಿಟ್ಟ.

ಸೆನೇಯ್ದಾ ಅವನ ಜೊತೆ ಮಾತು ಬಿಟ್ಟಳು. ಊಟ ಇಡುವಳು, ಕಾಲಿಗೆ ಬಿಸಿನೀರು ಹಾಕುವಳು, ಹಾಸಿಗೆ ಬದಲಾಯಿಸುವಳು. ಮಾತು ಮಾತ್ರ ಇಲ್ಲ. ಆರನೇ ತಿಂಗಳಲ್ಲಿ, ಒಂದು ಬೆಳಗ್ಗೆ, ಅವನ ಗಡ್ಡ ಕೆರೆಯುತ್ತಿದ್ದವಳು ಕತ್ತಿ ತಡೆದು ಕೇಳಿದಳು: "ನಾನು ಬಸುರಿ ಅಂದ ದಿನಾನೇ ನೀನು ನಿಜ ಹೇಳಿದ್ರೆ ಏನಾಗ್ತಿತ್ತು?"

"ನೀನು ಹೋಗ್ತಿದ್ದೆ."

"ಹೂಂ. ಹೋಗ್ತಿದ್ದೆ," ಎಂದು ಅವಳು ಕೆನ್ನೆಯ ಇನ್ನೊಂದು ಬದಿಗೆ ಸಾಬೂನು ಹಚ್ಚಿದಳು. ಅವಳು ಕ್ಷಮಿಸಿದಳೋ ಇಲ್ಲವೋ ನೆರೇಯೊಗೆ ತಿಳಿಯಲಿಲ್ಲ.

ಎರಡು ವರ್ಷ ಅವನನ್ನು ವಾರಕ್ಕೊಮ್ಮೆ ಲಿಮೋನಿನ ಆಸ್ಪತ್ರೆಗೆ ಒಯ್ದು ತಂದವಳು ಯೋರ್ಲೆನಿಯೇ. ಬಸ್ಸಿನಲ್ಲಿ ಅವನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡೇ ಬೈಯುತ್ತಿದ್ದಳು. ಮೂರನೇ ವರ್ಷದ ಮಾರ್ಚಿನಲ್ಲಿ ಅವನು ಹೊರಟುಹೋದ. ಹನ್ನೆರಡು ಮಂದಿಯಲ್ಲಿ ಉಳಿದಿದ್ದ ನಾಲ್ವರು ಹೆಣ ಹೊತ್ತರು. ಒಂಬತ್ತು ದಿನದ ಪ್ರಾರ್ಥನೆ ಮುಗಿದ ಮೇಲೆ ಅಬುಂದಿಯೊ ಬಂದು, ಸತ್ತವರ ವಿಧವೆಯರೂ ಕಚೇರಿಯನ್ನು ಕೇಳಬಹುದು, ಒಂದು ವರ್ಷ ಅವಧಿಯಿದೆ ಎಂದ. "ನೀನಾದ್ರೂ ಹೋಗಮ್ಮ," ಎಂದಳು ಯೋರ್ಲೆನಿ. ಸೆ‍ನೇಯ್ದಾ ಆಗಲಿ ಎಂದಳು. ವರ್ಷ ತುಂಬುವವರೆಗೂ ಆಗಲಿ, ಆಗಲಿ ಎನ್ನುತ್ತಲೇ ಇದ್ದಳು.

ನವೆಂಬರಿನಲ್ಲಿ ಸತ್ತವರ ದಿನ ತಾಯಿ ಮಗಳು ಸಮಾಧಿ ತೊಳೆಯಲು ಹೋದರು. ಯೋರ್ಲೆನಿ ಮಂಡಿಯೂರಿ ಪಾಚಿ ಉಜ್ಜುತ್ತ, "ಮೊಂಡ, ಮೊಂಡ. ಒಂದು ಕಾಗದ ಬರೆಯೋಕಾಗದೆ ಎಲ್ಲರನ್ನೂ ನೀರಿಗೆ ಹಾಕ್ದೆ," ಎಂದು ಕಲ್ಲಿಗೆ ಬೈಯುತ್ತಿದ್ದಳು. ತಾಯಿಯ ಕಡೆ ತಿರುಗಿ, "ಸತ್ತೋರಿಗೆ ಬೈಬಾರ್ದು ಅಂತೀಯೇನೋ," ಎಂದಳು.

"ಬೈಯಿ," ಎಂದಳು ಸೆನೇಯ್ದಾ. "ನಿಮ್ಮಪ್ಪ ತಾನೆ."

ಬಕೆಟ್ಟಿನಲ್ಲಿದ್ದ ನೀರನ್ನು ಕಲ್ಲಿನ ಮೇಲೆ ಸುರಿದು, ಮಧ್ಯಾಹ್ನದ ಪಾಳಿಗೆ ತಡವಾಗುತ್ತದೆಂದು ಮಗಳನ್ನು ಎಬ್ಬಿಸಿದಳು.